ಇಲ್ಲದ ಬಾಗಿಲಿಗೆ ತಲೆ ಬಗ್ಗಿಸುವವರು

ಫೆಬ್ರವರಿ 6

ಮಾನ್ಯರೇ,

ನಾನು ನಿಮಗೆ ಅಪರಿಚಿತಳು. ನಿಮ್ಮ ಹಳೆಯ ಬೀದಿಯ ಮನೆಗಳನ್ನು ಕೆಡವಿದ ಜಾಗದಲ್ಲಿ ಕಾರು ನಿಲ್ಲಿಸುವ ನಾಲ್ಕು ಮಹಡಿಯ ಕಟ್ಟಡ ಬರಲಿದೆ. ಅದಕ್ಕೆ ನೆಲ ಸಿದ್ಧ ಮಾಡಿಕೊಡುವ ಎಂಜಿನಿಯರ್ ನಾನು. ಕೆಡವಿದವರು ಬೇರೆಯವರು. ನಾನು ಬರುವಷ್ಟರಲ್ಲಿ ಇಲ್ಲಿ ಒಂದು ಇಟ್ಟಿಗೆಯ ಚೂರೂ ಉಳಿದಿರಲಿಲ್ಲ.

ಬೀದಿಯ ಕೊನೆಯ ಮನೆ ನಿಮ್ಮದಾಗಿತ್ತಂತೆ. ಮೂಲೆಯ ಇಸ್ತ್ರಿ ಅಂಗಡಿಯವನು ನಿಮ್ಮ ಈಗಿನ ವಿಳಾಸ ಕೊಟ್ಟ. ಮನೆಯ ಅಡಿಯಲ್ಲಿ ಮುಚ್ಚಿದ ಬಾವಿ, ನೆಲಮಾಳಿಗೆ, ಹಳೆಯ ನೀರಿನ ತೊಟ್ಟಿ ಇಂಥದ್ದೇನಾದರೂ ಇತ್ತೇ? ಭಾರ ಹೊರಬೇಕಾದ ನೆಲದ ಹೊಟ್ಟೆಯಲ್ಲಿ ಏನಿದೆಯೆಂದು ನಮಗೆ ಮೊದಲೇ ಗೊತ್ತಿರಬೇಕು. ಆ ತುಂಡು ನೆಲ ಸ್ವಲ್ಪ ತೊಂದರೆ ಕೊಡುತ್ತಿದೆ. ದೊಡ್ಡ ವಿಷಯವೇನಲ್ಲ. ಕೆಳಗಿನ ನಂಬರಿಗೆ ಒಂದು ಫೋನ್ ಮಾಡಿದರೂ ಸಾಕು.

ವಂದನೆಗಳೊಂದಿಗೆ,
ಸೈಟ್ ಎಂಜಿನಿಯರ್


ಫೆಬ್ರವರಿ 17

ಎಂಜಿನಿಯರಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ನಮ್ಮ ಮನೆಯಡಿ ಬಾವಿ ಇರಲಿಲ್ಲ, ನೆಲಮಾಳಿಗೆಯೂ ಇರಲಿಲ್ಲ. ಹಿತ್ತಲಲ್ಲಿ ಬಚ್ಚಲ ನೀರು ಇಂಗುವ ಒಂದು ಗುಂಡಿ ಇತ್ತು, ಅಷ್ಟೇ. ಮನೆ ಬಡವರದು, ಅಡಿಯಲ್ಲಿ ಬಚ್ಚಿಡುವಂಥದ್ದು ನಮ್ಮಲ್ಲೇನಿತ್ತು?

ಫೋನ್ ಮಾಡಲಿಲ್ಲವೆಂದು ತಪ್ಪು ತಿಳಿಯಬೇಡಿ. ನಾವೀಗ ನಮ್ಮವರ ಸೋದರಳಿಯನ ಮನೆಯಲ್ಲಿದ್ದೇವೆ. ನಮ್ಮವರು ಕುರ್ಚಿಗೆ ಬೆತ್ತ ಹೆಣೆಯುವವರು. ಮೂವತ್ತು ದಾಟುವ ಹೊತ್ತಿಗೆ ಕಣ್ಣು ಹೋಯಿತು, ಆಮೇಲೆಯೇ ಕೆಲಸ ಇನ್ನೂ ನಾಜೂಕಾಯಿತು. ಕಣ್ಣಿಲ್ಲದವರಿಗೆ ಮನೆಯೆಲ್ಲ ಕಿವಿ. ಫೋನಿನಲ್ಲಿ ಹಳೆಯ ಮನೆಯ ಸುದ್ದಿ ಎತ್ತಿದರೆ ಪಕ್ಕದ ಕೋಣೆಯಲ್ಲಿದ್ದರೂ ಅವರಿಗೆ ಕೇಳಿಸುತ್ತದೆ. ಕಾಗದ ಬರೆದರೆ ಪೆನ್ನಿನ ಸದ್ದು ಮಾತ್ರ. ಸಾಮಾನಿನ ಪಟ್ಟಿ ಬರೆಯುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಒಂದು ಮಾತು ಕೇಳಲೇ? ನೀವು ಕೇಳಿದ್ದು ಒಂದು, ಕೇಳಬೇಕೆಂದು ಕೂತದ್ದು ಇನ್ನೊಂದು ಅನ್ನಿಸಿತು. ನೆಲ ಕೊಡುವ ತೊಂದರೆ ಎಂಥದ್ದು?

ಕಾರುಗಳಿಗೂ ಮಹಡಿ ಮನೆ ಬಂತಲ್ಲ, ಕಾಲ ಕೆಟ್ಟಿಲ್ಲ ಬಿಡಿ.

ಇತಿ,
ಕುರ್ಚಿ ಹೆಣೆಯುವವರ ಹೆಂಡತಿ


ಫೆಬ್ರವರಿ 25

ಅಮ್ಮ,

ನೀವು ಸರಿಯಾಗಿಯೇ ಹಿಡಿದಿರಿ. ಇದನ್ನು ನಮ್ಮ ದೊಡ್ಡ ಸಾಹೇಬರಿಗೆ ಹೇಳಿದರೆ ನನ್ನನ್ನು ರಜೆಯ ಮೇಲೆ ಕಳಿಸುತ್ತಾರೆ. ನನ್ನ ಹೆತ್ತಮ್ಮನಿಗೆ ಹೇಳೋಣವೆಂದರೆ ಅವಳೀಗ ಇಲ್ಲ. ಮುಖ ನೋಡದವರಿಗೆ ಬರೆಯುವುದು ಸುಲಭ.

ಕಟ್ಟುವ ಮೊದಲು ನಾವು ಮಾಡುವ ಕೆಲಸ ಹೀಗೆ. ಗಿಡಗಂಟಿ ಬೇರುಸಮೇತ ಕೀಳುತ್ತೇವೆ. ಮೇಲ್ಮಣ್ಣನ್ನು ಕೆರೆದು ದೂರ ರಾಶಿ ಹಾಕುತ್ತೇವೆ, ಯಾಕೆಂದರೆ ಅದರಲ್ಲಿ ಜೀವ ಇರುತ್ತದೆ, ಬೇರು ಎಲೆ ಹುಳ, ಕೊಳೆತು ಕುಸಿಯುತ್ತದೆ. ಆಮೇಲೆ ಗಟ್ಟಿ ಮಣ್ಣನ್ನು ತೆಳ್ಳಗೆ ಹರಡಿ, ನೀರು ಚಿಮುಕಿಸಿ, ರೋಲರ್ ಓಡಿಸುತ್ತೇವೆ. ಮತ್ತೊಂದು ಪದರ, ಮತ್ತೆ ನೀರು, ಮತ್ತೆ ರೋಲರ್. ಮೇಜಿನಷ್ಟು ಸಪಾಟಾಗಬೇಕು.

ನಮ್ಮ ರೋಲರ್ ಚಾಲಕನನ್ನು ಎಲ್ಲರೂ ಮೆಲ್ಲಣ್ಣ ಎನ್ನುತ್ತಾರೆ. ಗಾಡಿಯ ವೇಗಕ್ಕೆ ಬಂದ ಹೆಸರು. ಗೆರೆ ಎಳೆದ ಹಾಗೆ ಓಡಿಸುವ ಮನುಷ್ಯ. ಅವನು ನಿಮ್ಮ ಜಾಗದ ಹತ್ತಿರ ಬಂದಾಗಲೆಲ್ಲ ಗಾಡಿ ತಿರುಗಿಸಿ ಸುತ್ತಿಕೊಂಡು ಹೋಗುತ್ತಿದ್ದ. ಯಾಕಣ್ಣ ಬಿಟ್ಟೆ ಅಂದರೆ, "ಎಲ್ಲಿ ಬಿಟ್ಟೆ ಮೇಡಂ? ಪೂರ್ತಿ ಓಡ್ಸಿದ್ದೀನಲ್ಲ!" ಅಂತ ಸಿಟ್ಟಾದ. ಕೆಳಗಿಳಿಸಿ ಚಕ್ರದ ಗುರುತು ತೋರಿಸಿದೆ. ನೋಡಿದ. ಬಗ್ಗಿ ಬೆರಳಿನಿಂದ ಮುಟ್ಟಿಯೂ ನೋಡಿದ.

ಆಮೇಲೆ ನಾನು ನಾಲ್ಕಾರು ಮಧ್ಯಾಹ್ನ ಬೇಲಿಯ ಹತ್ತಿರ ನಿಂತು ಬರೇ ನೋಡಿದೆ. ಬೆಳಿಗ್ಗೆ ಯಾವ ತೊಂದರೆಯೂ ಇಲ್ಲ. ಊಟ ಮುಗಿದು ಬಿಸಿಲು ವಾಲಿದ ಮೇಲೆ ಶುರುವಾಗುತ್ತದೆ. ಮಣ್ಣು ಹೊರುವ ಹೆಂಗಸರು ಸೀದಾ ಬರುತ್ತಿದ್ದವರು ಥಟ್ಟನೆ ಬಲಕ್ಕೆ ತಿರುಗಿ, ನಾಲ್ಕು ಹೆಜ್ಜೆ ಹೋಗಿ, ಎಡಕ್ಕೆ ತಿರುಗುತ್ತಾರೆ. ಒಂದು ಕಡೆ ಎಲ್ಲರೂ ತಲೆ ಬಗ್ಗಿಸುತ್ತಾರೆ. ತಲೆಯ ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ, ಆದರೂ ಬುಟ್ಟಿಗೆ ಕೈ ಅಡ್ಡ ಹಿಡಿದು ಬಗ್ಗಿಸುತ್ತಾರೆ. ಮಾತು ನಿಲ್ಲಿಸುವುದಿಲ್ಲ, ನಗು ನಿಲ್ಲಿಸುವುದಿಲ್ಲ. ಗೊತ್ತೇ ಇಲ್ಲ ಅವರಿಗೆ. ಬೀದಿ ನಾಯಿಯೊಂದು ಅಲ್ಲಿಗೆ ಬಂದು, ಗೋಡೆಗೆ ಮೈ ಉಜ್ಜುವ ಹಾಗೆ ಗಾಳಿಗೆ ಮೈ ಉಜ್ಜಿಕೊಂಡು ಹೋಯಿತು.

ಅವರು ತಿರುಗುವ ಕಡೆಗಳಲ್ಲೆಲ್ಲ ಸುಣ್ಣದ ಪುಡಿ ಹಾಕಿದೆ. ಬೀದಿಯ ಕಡೆಗೆ ಒಂದು ಬಾಗಿಲು, ನಡುಮನೆ, ಬಲಕ್ಕೊಂದು ಕೋಣೆ, ಎಡಕ್ಕೆ ಇಕ್ಕಟ್ಟಾದ ಓಣಿ, ಓಣಿಯ ತುದಿಯಲ್ಲಿ ಇನ್ನೊಂದು ಚಿಕ್ಕ ಕೋಣೆ.

ನಿನ್ನೆ ಅಳತೆ ನೋಡಲು ಅದರೊಳಗೆ ಹೋದೆ. ಒಳಗೆ ಕಾಲಿಟ್ಟ ಮೇಲೆ ಅರಿವಾಯಿತು. ನಾನು ಬಾಗಿಲಲ್ಲಿ ನಿಂತು ಬೂಟಿನ ಮಣ್ಣು ಒರೆಸಿಕೊಂಡಿದ್ದೆ.

ನಿಮ್ಮ ಮನೆ ಹೀಗಿತ್ತೇ?

ನಿಮ್ಮ,
ಎಂಜಿನಿಯರ್


ಮಾರ್ಚ್ 11

ಎಂಜಿನಿಯರಮ್ಮ,

ಹೀಗೇ ಇತ್ತು.

ಉತ್ತರ ತಡವಾಯಿತು. ನಿಮ್ಮ ಕಾಗದವನ್ನು ಸೀರೆಯ ಮಡಿಕೆಯಲ್ಲಿಟ್ಟು ಮತ್ತೆ ಮತ್ತೆ ತೆಗೆದು ಓದಿದೆ. ಓಣಿಯ ಬಾಗಿಲು ತಗ್ಗು. ಬಂದವರೆಲ್ಲ ಹಣೆ ಬಡಿಸಿಕೊಂಡೇ ಒಳಗೆ ಬರುತ್ತಿದ್ದರು. ನಮ್ಮವರೊಬ್ಬರೇ ಒಂದು ದಿನವೂ ಬಡಿಸಿಕೊಂಡವರಲ್ಲ. ಹಿಂದುಗಡೆ ಇನ್ನೊಂದು ಕೋಣೆ ಇದೆ, ಅದು ನಿಮ್ಮ ಸುಣ್ಣದ ಗೆರೆಗೆ ಸಿಕ್ಕಿಲ್ಲ. ಅದು ಅವರ ಬೆತ್ತದ ಕೋಣೆ. ಅಲ್ಲಿಗೆ ಬೇರೆಯವರು ಹೋಗುತ್ತಿರಲಿಲ್ಲ.

ಈಗ ಇಲ್ಲಿಯ ಕಥೆ ಕೇಳಿ. ಅಳಿಯನ ಮನೆ ದೊಡ್ಡದು, ಗಾಳಿ ಬೆಳಕು ಇದೆ, ಅವನ ಹೆಂಡತಿ ಚಿನ್ನದಂಥ ಹುಡುಗಿ. ಬಂದಾಗಿನಿಂದ ಇವರ ಹಣೆಯಲ್ಲಿ ನೀಲಿ ಗಾಯ ಮಾಸಿದ್ದಿಲ್ಲ. ಬೆಳಿಗ್ಗೆ ಕೈ ಹಿಡಿದು ನಡೆಸಿದರೆ ಬರುತ್ತಾರೆ. ಮಧ್ಯಾಹ್ನ ಒಂದು ಸಣ್ಣ ನಿದ್ದೆ ತೆಗೆದು ಎದ್ದರೆಂದರೆ ಯಾರ ಕೈಯೂ ಬೇಡ. ಸೀದಾ ನಡೆಯುತ್ತಾರೆ, ಸೀದಾ ಗೋಡೆಗೆ ಹೋಗಿ ಬಡಿಯುತ್ತಾರೆ. ಬಾಗಿಲು ಎತ್ತರವಾಗಿದ್ದರೂ ತಲೆ ಬಗ್ಗಿಸುತ್ತಾರೆ.

"ಮಾವ, ಅಲ್ಲಿ ಗೋಡೆ ಇದೆ, ಈ ಕಡೆ ಬನ್ನಿ" ಅಂತಾಳೆ ಹುಡುಗಿ.

"ಗೋಡೆ ಇಲ್ಲೆಲ್ಲಿದೆ ತಾಯಿ? ಅಲ್ಲಿದೆ" ಅಂತ ಖಾಲಿ ಜಾಗಕ್ಕೆ ಕೈ ತೋರಿಸುತ್ತಾರೆ. ಬೆರಳ ತುದಿಯಿಂದ ಅದನ್ನು ಸವರುತ್ತಾರೆ. ಬೆರಳು ಎಲ್ಲೂ ನಡುಗುವುದಿಲ್ಲ, ಆಚೀಚೆ ಸರಿಯುವುದಿಲ್ಲ. ಗಾಳಿಯನ್ನು ಸವರಿದರೆ ಬೆರಳು ಹಾಗೆ ನೆಟ್ಟಗೆ ಹೋದೀತೇ?

ಅವರಿಗೆ ಮರೆವಿಲ್ಲ. ಮನೆ ಕೆಡವಿದ್ದಾರೆಂದು ಹೇಳಿದ್ದೇವೆ, ಹೂಂ ಅಂದಿದ್ದಾರೆ. ಆದರೆ ಮನೆ ಬಿಡುವ ವಾರ ಅವರು ಹೊಟ್ಟೆಯ ಆಪರೇಷನ್ನಿಗೆಂದು ಆಸ್ಪತ್ರೆಯಲ್ಲಿದ್ದರು. ಅಲ್ಲಿಂದ ನೇರ ಇಲ್ಲಿಗೆ ಕರೆತಂದೆವು. ಆ ಮನೆಯಿಂದ ಆಸ್ಪತ್ರೆಗೆ ಹೋದವರು ಹೋಗಿಬರುತ್ತೇನೆ ಅಂದಿದ್ದರೇ ಹೊರತು ಬಿಟ್ಟುಹೋಗುತ್ತೇನೆ ಅಂದವರಲ್ಲ.

ಯಾರಿಗೂ ಹೇಳಬೇಡಿ. ಹುಚ್ಚು ಅಂತ ಹೆಸರಿಡಲು ಜನಕ್ಕೆ ಎಷ್ಟು ಹೊತ್ತು?

ಇತಿ,
ನಿಮ್ಮ ಅಮ್ಮನಂಥವಳು


ಮಾರ್ಚ್ 19

ಅಮ್ಮ,

ಬೆತ್ತದ ಕೋಣೆ ಸಿಕ್ಕಿತು. ನೀವು ಹೇಳಿದ ಮೇಲೆ ಹಿಂದುಗಡೆ ಹೋಗಿ ನಿಂತೆ. ಅಲ್ಲಿ ನನಗೆ ಮಾತಾಡಬೇಕೆನ್ನಿಸಲಿಲ್ಲ, ಅಷ್ಟೇ. ಕೆಲಸ ಮಾಡುತ್ತಿರುವವರ ಕೋಣೆಗೆ ನುಗ್ಗಿದಂತೆ ಮುಜುಗರವಾಗಿ ಹಿಂದಕ್ಕೆ ಬಂದೆ.

ನಾನು ಬಾಡಿಗೆ ಮನೆಗಳಲ್ಲಿ ಬೆಳೆದವಳು. ಈಗಂತೂ ಕೆಲಸ ಇದ್ದಲ್ಲಿ ತಗಡಿನ ಶೆಡ್ಡು. ಕಣ್ಣು ಮುಚ್ಚಿಕೊಂಡು ನಡೆಯಬಲ್ಲ ಮನೆ ನನಗೊಂದೂ ಇಲ್ಲ. ನಿಮ್ಮ ಕಾಗದ ಓದಿ ಅದೇ ಯೋಚನೆ.

ಇನ್ನು ಕೆಲಸದ ವಿಷಯ. ಅಡಿಪಾಯಕ್ಕೆ ಗುಂಡಿ ತೋಡುವುದು ಶುರುವಾಗುತ್ತಿದೆ. ಮೊದಲ ಗುಂಡಿ ನಿಮ್ಮ ಬಲಗಡೆಯ ಕೋಣೆಯ ಜಾಗಕ್ಕೆ ಬರುತ್ತದೆ, ನಕ್ಷೆಯಲ್ಲಿ ಹಾಗೆಯೇ ಇದೆ. ಬೆಳಿಗ್ಗೆ ಅಗೆಸುತ್ತೇನೆ, ಆಗ ಯಾರೂ ತಡವರಿಸುವುದಿಲ್ಲ. ನೀವು ಹೆದರಬೇಡಿ. ನಾವು ಅಗೆಯುವುದು ಬರೀ ಮಣ್ಣು.

ನಿಮ್ಮ,
ಎಂಜಿನಿಯರ್


ಮಾರ್ಚ್ 27

ಎಂಜಿನಿಯರಮ್ಮ,

ಇವರು ಬಿದ್ದರು. ಸೋಮವಾರ ಮಧ್ಯಾಹ್ನ. ನಿದ್ದೆಯಿಂದ ಎದ್ದು ನಡೆಯುತ್ತಿದ್ದವರು ಮಲಗುವ ಕೋಣೆಗೆಂದು ಬಲಕ್ಕೆ ತಿರುಗಿದರು. ನಾನು ಎದುರಿಗೇ ಇದ್ದೆ. ಸಪಾಟು ನೆಲ. ನೀರಿರಲಿಲ್ಲ, ಚಾಪೆ ಇರಲಿಲ್ಲ. ಒಂದು ಹೆಜ್ಜೆ ಮುಂದಿಟ್ಟವರು ಅಯ್ಯೋ ಎಂದು ಉದ್ದಕ್ಕೆ ಕೂಗಿದರು. ಬಿದ್ದ ಮೇಲೆ ಕೂಗುತ್ತಾರಲ್ಲ ಹಾಗಲ್ಲ, ಬೀಳುತ್ತಾ ಇರುವವರ ಕೂಗು. ನಿಂತಲ್ಲೇ ಕೂಗುತ್ತಿದ್ದರು. ಆಮೇಲೆ ಕುಸಿದರು.

ಎರಡೂ ಹಿಮ್ಮಡಿಯ ಮೂಳೆ ಒಡೆದಿದೆ. ಮೂಳೆ ಡಾಕ್ಟರು ಫೋಟೋ ನೋಡಿ, "ಎಷ್ಟು ಎತ್ತರದಿಂದ ಬಿದ್ರು?" ಅಂದರು.

"ಎತ್ತರ ಇಲ್ಲ ಡಾಕ್ಟ್ರೇ, ನೆಲದ ಮೇಲೇ."

"ನೆಲದ ಮೇಲೆ ಬಿದ್ರೆ ಹಿಮ್ಮಡಿ ಹೀಗೆ ಒಡೆಯಲ್ಲಮ್ಮ. ಮಹಡಿಯಿಂದಲೋ ಗೋಡೆಯಿಂದಲೋ ಕಾಲೂರಿ ಬಿದ್ದವರಿಗೆ ಒಡೆಯೋದು ಹೀಗೆ. ನಿಜ ಹೇಳಿ, ಮನೇಲಿ ಯಾರಾದ್ರೂ..." ಅಂತ ಹುಡುಗಿಯ ಮುಖ ನೋಡಿದರು.

ಅವಳು ಅಂದಿನಿಂದ ಸರಿಯಾಗಿ ಊಟ ಮಾಡಿಲ್ಲ. ಪೊಲೀಸಿನವರೊಬ್ಬರು ಬಂದು ಮನೆಯ ಮೆಟ್ಟಿಲು, ತಾರಸಿ ಎಲ್ಲ ನೋಡಿಹೋದರು. ಅಕ್ಕಪಕ್ಕದವರ ಕಣ್ಣು ಈಗ ಅವಳ ಮೇಲೆ. ಅತ್ತೆ ಮಾವನನ್ನು ತಂದಿಟ್ಟುಕೊಂಡದ್ದಕ್ಕೆ ಆ ಮಗುವಿಗೆ ಸಿಕ್ಕ ಬಹುಮಾನ ಇದು.

ನೀವು ಗುಂಡಿ ಅಗೆದದ್ದು ಯಾವತ್ತು?

ಕುರ್ಚಿ ಹೆಣೆಯುವವರ ಹೆಂಡತಿ


ಏಪ್ರಿಲ್ 2

ಅಮ್ಮ,

ಸೋಮವಾರ. ಬೆಳಿಗ್ಗೆ ಅಗೆದೆವು. ಮಧ್ಯಾಹ್ನಕ್ಕೆ ಗುಂಡಿ ಆಳುದ್ದಕ್ಕಿಂತ ಹೆಚ್ಚಾಗಿತ್ತು. ಇಳಿಜಾರು ಮಾಡಿ, ಬೇಲಿ ಕಟ್ಟಿ, ಕೆಂಪು ಬಟ್ಟೆ ಹಾಕಿಸಿದ್ದೆ. ಕಣ್ಣಿದ್ದವರಿಗೆ.

ಅವತ್ತು ಊಟದ ನಂತರ ಗುಂಡಿಯೊಳಗಿಂದ ಏನೋ ಧೊಪ್ಪನೆ ಬಿದ್ದ ಸದ್ದು ಬಂತು. ಮಣ್ಣು ಜರಿಯಿತೇನೋ ಎಂದು ಎಲ್ಲರೂ ಓಡಿದೆವು. ಅಂಚು ಹಾಗೇ ಇತ್ತು. ತಳದ ಮಣ್ಣಿನಲ್ಲಿ ಎರಡು ತಗ್ಗು, ಪಕ್ಕಪಕ್ಕದಲ್ಲಿ. ಆಗ ಏನೂ ಹೊಳೆಯಲಿಲ್ಲ.

ಮಾರನೆಯ ದಿನವೇ ಅಲ್ಲಿ ಮಣ್ಣು ಮೆದುವಾಗಿದೆ, ಮತ್ತೆ ಪರೀಕ್ಷೆ ಆಗಬೇಕು ಎಂದು ಕೆಲಸ ನಿಲ್ಲಿಸಿದ್ದೆ. ನಿಮ್ಮ ಕಾಗದ ಬಂದ ದಿನ ಗುಂಡಿಯನ್ನು ತುಂಬಿಸಿದೆ. ಸುಮ್ಮನೆ ಸುರಿದು ಮುಚ್ಚಿಸಲಿಲ್ಲ ಅಮ್ಮ. ಪದರ ಪದರವಾಗಿ ಹಾಕಿ, ನಾನೇ ನಿಂತು ಕೈಯಂತ್ರದಲ್ಲಿ ಕುಟ್ಟಿಸಿದೆ. ಅವರ ಮಲಗುವ ಕೋಣೆಗೆ ಈಗ ನೆಲ ಇದೆ. ಗಟ್ಟಿ ಇದೆ.

ದೊಡ್ಡ ಸಾಹೇಬರು ಬಂದಿದ್ದರು. ಯಾಕೆ ತಡ, ಯಾರು ನಿಲ್ಲಿಸಲು ಹೇಳಿದ್ದು ಎಂದು ಕೂಗಾಡುತ್ತಾ ನಿಮ್ಮ ಓಣಿಯ ಬಾಗಿಲಿಗೆ ಬಂದರು. ಕೂಗಾಟ ನಿಲ್ಲಿಸದೆಯೇ ತಲೆ ಬಗ್ಗಿಸಿ ದಾಟಿದರು. ಮೆಲ್ಲಣ್ಣ ಬೇರೆ ಕಡೆ ತಿರುಗಿ ಕೆಮ್ಮಿದ. "ಏನ್ ನಗ್ತಿದ್ದೀರಿ?" ಅಂದರು. ಯಾರೂ ನಗುತ್ತಿರಲಿಲ್ಲ.

ಈ ಮೂಲೆಯನ್ನು ಕೊನೆಗೆ ಉಳಿಸಿಕೊಂಡು ಉಳಿದ ಕಡೆ ಕೆಲಸ ನಡೆಸಲು ಒಪ್ಪಿಸಿದ್ದೇನೆ. ಕೆಲವು ತಿಂಗಳು ಸಿಗಬಹುದು. ಆಮೇಲೆ ನನ್ನ ಕೈಯಲ್ಲಿಲ್ಲ. ನಾನು ಬಿಟ್ಟರೆ ಇನ್ನೊಬ್ಬರು ಬಂದು ಅಗೆಯುತ್ತಾರೆ, ಅವರಿಗೆ ನಿಮ್ಮ ವಿಳಾಸ ಗೊತ್ತಿರುವುದಿಲ್ಲ.

ಅವರು ಆ ಮನೆಯನ್ನು ಬಿಟ್ಟುಬಂದಿಲ್ಲ ಅಂದಿರಲ್ಲ. ಕಾಲು ವಾಸಿಯಾದ ಮೇಲೆ ಕರೆದುಕೊಂಡು ಬನ್ನಿ. ಒಂದು ಸಲ ಬಾಗಿಲಿನಿಂದ ಹೊರಗೆ ನಡೆದುಬರಲಿ.

ಆ ಹುಡುಗಿಗೆ ನನ್ನಿಂದ ಆದದ್ದನ್ನು ಹೇಗೆ ಸರಿಪಡಿಸಲಿ?

ನಿಮ್ಮ,
ಎಂಜಿನಿಯರ್


ಮೇ 30

ಮಗಳೇ,

ಇಷ್ಟು ದಿನ ನಿಮ್ಮ ಮೇಲೆ ಸಿಟ್ಟಿತ್ತು. ಸಿಟ್ಟು ತೀರಿದ ಮೇಲೆ ಬರೆಯೋಣವೆಂದು ಸುಮ್ಮನಿದ್ದೆ.

ಪೊಲೀಸಿನವರು ಇನ್ನೊಂದೇ ಸಲ ಬಂದರು. ಇವರೇ ಅವರೆದುರು, "ನಾನೇ ಬಿದ್ದೆ ಸ್ವಾಮಿ, ನೆಲ ಇದೆ ಅಂದ್ಕೊಂಡೆ, ಇರ್ಲಿಲ್ಲ" ಎಂದು ಹೇಳಿದರು. ಬರೆದುಕೊಂಡು ಹೋದರು. ಹುಡುಗಿ ಈಗ ನಗುತ್ತಾಳೆ. ಆದರೆ ಮಧ್ಯಾಹ್ನವಾದರೆ ಇವರ ಮಂಚದ ಪಕ್ಕ ಬಂದು ಕೂರುತ್ತಾಳೆ, ಕದಲುವುದಿಲ್ಲ.

ಹೋದ ವಾರ ನಿಮ್ಮ ವಿಷಯ ಇವರಿಗೆ ಹೇಳಿಬಿಟ್ಟೆ. ಕಾಗದಗಳನ್ನೆಲ್ಲ ಓದಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ನಕ್ಕರು.

"ಪೆನ್ನಿನ ಸದ್ದು ಕೇಳ್ತಾನೇ ಇತ್ತು. ಸಾಮಾನಿನ ಪಟ್ಟಿ ಇಷ್ಟುದ್ದ ಇರುತ್ತಾ? ಈ ವಯಸ್ಸಲ್ಲಿ ಯಾರಿಗೆ ಪ್ರೇಮಪತ್ರ ಬರೀತಿದ್ದಾಳೋ ಅಂತಿದ್ದೆ."

ಆಮೇಲೆ, "ಕೋಣೆಗೆ ಮತ್ತೆ ನೆಲ ಹಾಕ್ಸಿದ್ದು ಆ ಹುಡುಗೀನಾ? ಚೆನ್ನಾಗಿ ಕುಟ್ಸಿದ್ದಾಳೆ. ಮೊನ್ನೆಯಿಂದ ಧೈರ್ಯವಾಗಿ ಕಾಲಿಡ್ತಿದ್ದೀನಿ" ಅಂದರು. ಮಗಳೇ, ಮೊನ್ನೆ ಇವರು ಮಂಚ ಬಿಟ್ಟು ಇಳಿದೇ ಇರಲಿಲ್ಲ.

ಬರುತ್ತಾರಂತೆ. ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಹಾಕುವಂತಾಗಲಿ. ಅಳಿಯ ಕಾರಿನಲ್ಲಿ ಕರೆತರುತ್ತಾನೆ. ನಾನು ಬರುವುದಿಲ್ಲ. ಮಂಡಿ ನೋವು, ಅಷ್ಟು ದೂರ ಕೂರಲಾಗದು.

ಇತಿ,
ಅಮ್ಮ


ಜುಲೈ 14

ಅಮ್ಮ,

ಅವರು ಮನೆ ಮುಟ್ಟಿ ನಿಮಗೆ ಎಲ್ಲವನ್ನೂ ಹೇಳಿರುತ್ತಾರೆ. ಆದರೂ ನಾನು ಕಂಡದ್ದನ್ನು ನಿಮಗೆ ಬರೆಯಬೇಕು. ಇನ್ಯಾರಿಗೆ ಬರೆಯಲಿ?

ಕಾರು ಬಂದಾಗ ಯಂತ್ರಗಳನ್ನೆಲ್ಲ ನಿಲ್ಲಿಸಿದೆ. ಊಟವಾಗಿ ಬಿಸಿಲು ವಾಲುತ್ತಿತ್ತು. ಯಾರಿಗೂ ಏನೂ ಹೇಳಿರಲಿಲ್ಲ, ಆದರೂ ಮಣ್ಣು ಹೊರುವವರು ಬುಟ್ಟಿ ಇಳಿಸಿ ಒಂದು ಕಡೆ ಸೇರಿಕೊಂಡರು. ಅಳಿಯ ಅವರ ತೋಳು ಹಿಡಿದು ಬೇಲಿಯವರೆಗೆ ತಂದ. ಅಲ್ಲಿಂದ, "ಬಿಡಪ್ಪ, ಇನ್ನು ನನಗೆ ದಾರಿ ಗೊತ್ತು" ಎಂದು ತೋಳು ಬಿಡಿಸಿಕೊಂಡರು. ಊರುಗೋಲನ್ನೂ ಅವನ ಕೈಗೆ ಕೊಟ್ಟರು.

ಸುಣ್ಣದ ಗೆರೆ ಯಾವಾಗಲೋ ಅಳಿಸಿತ್ತು. ಅವರು ಸರಿಯಾಗಿ ಬಾಗಿಲಿನ ಜಾಗಕ್ಕೇ ಹೋಗಿ, ಚಪ್ಪಲಿ ಬಿಟ್ಟು, ಒಳಗೆ ಕಾಲಿಟ್ಟರು. ಎಡಗೈ ಎತ್ತಿ ಬೆರಳು ಗೋಡೆಗೆ ಇಟ್ಟರು. ಗೋಡೆಗೆ ಅಂತ ಬರೆದೆ ನೋಡಿ. ಬೆರಳ ತುದಿಗಳು ಒತ್ತಿದಂತೆ ಚಪ್ಪಟೆಯಾದದ್ದನ್ನು ನಾನು ಹತ್ತಿರದಿಂದ ಕಂಡೆ.

"ಎಂಜಿನಿಯರಮ್ಮ ಎಲ್ಲಿ? ಒಳಗೆ ಬನ್ನಿ" ಅಂದರು. ಹೋದೆ.

ನಡುಮನೆ ದಾಟಿದರು. ಬಲಗಡೆಯ ಕೋಣೆಯ ಮುಂದೆ ನಿಂತು ಕಾಲಿನಿಂದ ನೆಲ ತಟ್ಟಿ ನೋಡಿ ನನ್ನ ಕಡೆ ತಲೆಯಾಡಿಸಿದರು. ಓಣಿಯ ಬಾಗಿಲಲ್ಲಿ, "ತಲೆ ಜೋಪಾನ" ಅಂದರು. ಬಗ್ಗಿಸಿದೆ. ಬೆತ್ತದ ಕೋಣೆಯಲ್ಲಿ ಕೂತುಕೊಳ್ಳಿ ಎಂದು ಏನನ್ನೋ ನನ್ನ ಕಡೆ ಸರಿಸಿದರು. ನೆಲದ ಮೇಲೆ ಮರದ ಕಾಲು ಎಳೆದ ಸದ್ದು ನನಗೆ ಕೇಳಿಸಿತು. ಮೆಲ್ಲಣ್ಣನಿಗೂ ಕೇಳಿಸಿತಂತೆ, ಅವನು ದೂರದಲ್ಲಿದ್ದ. ನಾನು ಕೂರಲಿಲ್ಲ. ಕೂತಿದ್ದರೆ ಅದು ನನ್ನನ್ನು ಹೊತ್ತುಬಿಡುತ್ತಿತ್ತೇನೋ ಎಂಬ ಭಯ.

ಅಲ್ಲಿ ಅವರು ಏನನ್ನೋ ಒಂದೊಂದಾಗಿ ಎತ್ತಿ ಅದರ ಜಾಗದಲ್ಲಿಟ್ಟರು. ಕೈ ಒರೆಸಿಕೊಂಡರು. "ಇಲ್ಲಿ ಕೂತು ಎಷ್ಟು ಕುರ್ಚಿ ಹೆಣೆದೆನೋ. ಯಾರ್ಯಾರು ಕೂತ್ರೋ. ಆಯ್ತು" ಅಂದರು.

ಹಿಂದಿರುಗುವಾಗ ಓಣಿಯ ತುದಿಯ ಚಿಕ್ಕ ಕೋಣೆಯ ಮುಂದೆ ನಿಂತರು. ಅದು ನಿಮ್ಮ ಅಡುಗೆಮನೆ ಇರಬೇಕು. ಒಳಗೆ ಹೋಗಲಿಲ್ಲ. ತಲೆ ಓರೆ ಮಾಡಿ ಆಲಿಸಿದರು. ಮುಖ ಅರಳಿತು.

"ಇಲ್ಲಿಗೂ ಒಂದ್ಸಲ ಹೋಗಿ ಬಂದ್ಬಿಡಿ" ಎಂದೆ.

"ಬೇಡಮ್ಮ. ಅವಳಿದ್ದಾಳೆ. ಅವಳು ಕೂತಿರುವಾಗ ನಾನು ಹೋಗಿ ಮಾತಾಡ್ಸಲ್ಲ" ಅಂದರು.

ಆಮೇಲೆ ನಡೆದು ಹೊರಗೆ ಬಂದರು. ಚಪ್ಪಲಿ ಮೆಟ್ಟಿದರು. ಹಿಂದಕ್ಕೆ ತಿರುಗಿ ಬಾಗಿಲೆಳೆದರು. ಬೀಗ ಹಾಕಲಿಲ್ಲ. ಅಳಿಯ ಕೈ ಕೊಟ್ಟ. ಆ ಕ್ಷಣ ಅವರು ಮುದುಕರಾದರು ಅಮ್ಮ. ಎಲ್ಲಿದ್ದೇನೆಂದು ತಿಳಿಯದವರಂತೆ ಅವನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಕಾರಿನವರೆಗಿನ ನಾಲ್ಕು ಮಾರು ದಾರಿಗೆ ಎಷ್ಟು ತಡವರಿಸಿದರು!

ಕಾರು ಹೋದ ಮೇಲೆ ಮೆಲ್ಲಣ್ಣ ಯಾರನ್ನೂ ಕೇಳದೆ ರೋಲರ್ ಹತ್ತಿದ. ನಡುಮನೆ, ಕೋಣೆ, ಬೆತ್ತದ ಕೋಣೆ ಎಲ್ಲದರ ಮೇಲೆ ಸೀದಾ ಓಡಿಸಿದ. ಯಾವುದೂ ತಡೆಯಲಿಲ್ಲ. ಹೆಂಗಸರು ತಲೆ ಬಗ್ಗಿಸದೆ ನಡೆದರು. ಯಾರೋ ಅತ್ತರು, ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

ಆದರೆ ಅಡುಗೆಮನೆಯನ್ನು ರೋಲರ್ ಸುತ್ತಿಕೊಂಡೇ ಹೋಯಿತು. ಇವತ್ತಿಗೂ ಸುತ್ತಿಕೊಂಡೇ ಹೋಗುತ್ತದೆ.

ಅಲ್ಲಿಗೆ ಗುಂಡಿ ಬರುವುದಿಲ್ಲ, ಅದೊಂದು ಸಮಾಧಾನ. ಆದರೆ ಮುಂದಿನ ವಾರ ಅಲ್ಲೆಲ್ಲ ಕಾಂಕ್ರೀಟು ಸುರಿಯುತ್ತಾರೆ. ನಿಲ್ಲಿಸಲು ನನ್ನಲ್ಲಿ ಇನ್ನು ಯಾವ ನೆಪವೂ ಉಳಿದಿಲ್ಲ. ನೀವು ಬರಲಿಲ್ಲವಲ್ಲ, ಅದು ಮಂಡಿ ನೋವಿಗೇನಾ? ಇಷ್ಟು ಕೇಳುವ ಸಲಿಗೆ ನನಗಿದೆಯೋ ಇಲ್ಲವೋ. ಒಂದು ಸಲ ಬಂದುಬಿಡಿ ಅಮ್ಮ. ಕಾರು ನಾನು ಕಳಿಸುತ್ತೇನೆ.

ನಿಮ್ಮ,
ಮಗಳು


ಜುಲೈ 18

ಮಗಳೇ,

ಬರಲಾರೆ. ಇವರು ಹೊರಗೆ ಬಂದದ್ದು ಒಳ್ಳೆಯದಾಯಿತು. ಈಗ ಇಲ್ಲಿಯ ಗೋಡೆಗಳು ಇವರಿಗೆ ಸಿಗುತ್ತಿವೆ. ನಿನ್ನೆ ತಾವೇ ಹೋಗಿ ನೀರು ಕುಡಿದು ಬಂದರು. ಹುಡುಗಿ ಚಪ್ಪಾಳೆ ತಟ್ಟಿದಳು.

ಇವರಿಗೆ ಕಣ್ಣಿರಲಿಲ್ಲ, ಅದಕ್ಕೇ ಮನೆ ಹೋದದ್ದು ಗೊತ್ತಾಗಲಿಲ್ಲ ಅಂತ ನೀವು ತಿಳಿದಿರಿ. ನಾನೂ ಹಾಗೇ ತಿಳಿದಿದ್ದೆ. ಮನೆ ಖಾಲಿ ಮಾಡಿದವಳು ನಾನು. ಪಾತ್ರೆ ಕಟ್ಟಿದೆ, ಕಸ ಗುಡಿಸಿದೆ, ಬೀಗದ ಕೈ ಒಪ್ಪಿಸಿದೆ. ಯಂತ್ರ ಬಂದು ಗೋಡೆಗೆ ಮೂತಿ ಇಟ್ಟದ್ದನ್ನು ಬೀದಿಯಲ್ಲಿ ನಿಂತು ನೋಡಿದೆ. ನನ್ನಷ್ಟು ಸರಿಯಾಗಿ ಆ ಮನೆಯನ್ನು ಬಿಟ್ಟುಬಂದವರು ಯಾರೂ ಇಲ್ಲ. ಆದರೂ ಮಧ್ಯಾಹ್ನ ಇವರು ಮಲಗಿದ ಮೇಲೆ ನಾನು ಇಲ್ಲಿಯ ಕುರ್ಚಿಯಲ್ಲಿ ಕೂತರೆ, ಕೂತಿರುವುದು ಇಲ್ಲಲ್ಲ. ಅದನ್ನು ಯಾರಿಗೂ ಹೇಳಿಲ್ಲ. ಎಲ್ಲರೂ ಉಂಡ ಮೇಲೆ ಅಡುಗೆಮನೆಯ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಾನೊಬ್ಬಳೇ. ಇಡೀ ದಿನದಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಹೊತ್ತು. ಅದನ್ನು ಬಿಟ್ಟು ಬಾ ಅಂದರೆ ಎಲ್ಲಿಗೆ ಬರಲಿ?

ನೀವು ಸುರಿಸಿ. ನಿಮ್ಮ ಕೆಲಸ ಕೆಡಿಸಿಕೊಳ್ಳಬೇಡಿ. ನನಗೆ ಕಣ್ಣಿದೆ, ಸರಿದು ನಿಲ್ಲುತ್ತೇನೆ.

ಇತಿ,
ಅಮ್ಮ


ಜುಲೈ 29

ಅಮ್ಮ,

ಶುಕ್ರವಾರ ಸುರಿದೆವು. ಬೆಳಿಗ್ಗೆಯೇ ಮುಗಿಸಬೇಕೆಂದಿದ್ದೆ. ಲಾರಿ ಕೆಟ್ಟು ಮಧ್ಯಾಹ್ನವಾಯಿತು. ಉಳಿದ ಕಡೆಯೆಲ್ಲ ಹರಡಿ ಆ ಮೂಲೆಗೆ ಬಂದಾಗ ಕೆಲಸದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ನಿಮ್ಮ ಕಾಗದವನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. "ನಿಧಾನವಾಗಿ ಹಾಕಿ" ಎಂದೆ. ಅಷ್ಟು ಬಿಟ್ಟರೆ ಏನು ಹೇಳಬಲ್ಲೆ? ಕಾಂಕ್ರೀಟು ಮೆಲ್ಲಗೆ ಹರಿದು ತುಂಬಿಕೊಂಡಿತು.

ನೀವು ಚೆನ್ನಾಗಿದ್ದೀರಾ? ಇಸ್ತ್ರಿ ಅಂಗಡಿಯವನ ಹತ್ತಿರ ಅಳಿಯನ ಮನೆಯ ನಂಬರು ಇಸಿದುಕೊಂಡೆ. ಫೋನ್ ಮಾಡಲು ಧೈರ್ಯ ಬರುತ್ತಿಲ್ಲ. ಎರಡು ಸಾಲು ಬರೆಯಿರಿ. ಒಂದಾದರೂ ಬರೆಯಿರಿ.

ನಿಮ್ಮ,
ಮಗಳು


ಆಗಸ್ಟ್ 21

ಮಗಳೇ,

ಗಾಬರಿ ಬೇಡ. ಪೆನ್ನು ಹಿಡಿದು ಕೂರಲು ಆಗಿರಲಿಲ್ಲ, ಅದಕ್ಕೆ ತಡವಾಯಿತು.

ಆ ಶುಕ್ರವಾರ ನಾನು ಕೂತೇ ಇದ್ದೆ. ಮೊದಲು ಪಾದ ತಣ್ಣಗಾಯಿತು, ಆಮೇಲೆ ಕಾಲಿನ ಮಣಿಗಂಟಿನವರೆಗೆ ತಣ್ಣಗೆ ಬಂತು. ಭಾರ ಅಂದರೆ ಭಾರ. ಇಲ್ಲಿ ಹುಡುಗಿ, "ಅತ್ತೆ, ನಿಮ್ಮ ಕಾಲು ಯಾಕೆ ಹಿಮದ ಹಾಗಿದೆ?" ಎಂದು ಕಿರುಚಿಕೊಂಡಳು. ಎದ್ದು ಬಂದುಬಿಡಬೇಕು ಅಂದುಕೊಂಡೆ. ಬಾಗಿಲೂ ಕಾಣುತ್ತಿತ್ತು. ನೀವು ನಿಧಾನವಾಗಿ ಹಾಕಿ ಅಂದದ್ದು ಕೇಳಿಸಿತು. ನಿಮ್ಮ ದನಿ ನಾನಂದುಕೊಂಡಿದ್ದಕ್ಕಿಂತ ಚಿಕ್ಕ ಹುಡುಗಿಯದು. ಕಾಲು ಕಿತ್ತುಕೊಂಡು ಒಲೆಯ ಕಟ್ಟೆ ಹತ್ತಿ ಕೂತೆ. ಇವರು ಆ ಸಂಜೆಯೆಲ್ಲ ನನ್ನ ಪಾದ ಉಜ್ಜಿದರು. ಏನೂ ಕೇಳಲಿಲ್ಲ. ಇವರಿಗೆ ಗೊತ್ತು.

ಒಂದಷ್ಟು ದಿನ ಕಟ್ಟೆಯಿಂದ ಇಳಿಯಲಿಲ್ಲ. ನಿನ್ನೆ ಇಳಿದು ನೋಡಿದೆ. ಒಣಗಿದೆ. ತಣ್ಣಗಿದೆ, ಆದರೆ ಎಲ್ಲೂ ಬಿರುಕಿಲ್ಲ, ಎಲ್ಲೂ ಕುಸಿದಿಲ್ಲ. ನೀವು ನಿಧಾನವಾಗಿ ಹಾಕಿಸಿದ್ದು ಸಾರ್ಥಕ, ನಡೆದರೆ ಗೊತ್ತಾಗುತ್ತದೆ. ನೆಲ ಮೊದಲಿಗಿಂತ ಎತ್ತರವಾಗಿದೆಯಲ್ಲ, ನನ್ನಂಥ ಕುಳ್ಳಿಗೆ ಅದೂ ಒಳ್ಳೆಯದೇ ಆಯಿತು. ಕಿಟಕಿಯಿಂದ ಬೀದಿ ಪೂರ್ತಿ ಕಾಣುತ್ತದೆ.

ಅಲ್ಲಿ ಕಾರು ತಂದು ನಿಲ್ಲಿಸುವವರಿಗೆ ಒಂದು ಮಾತು ಹೇಳಿ. ಇಡೀ ಕಟ್ಟಡ ಅವರದೇ. ಮಧ್ಯಾಹ್ನದ ಹೊತ್ತು ಆ ಮೂಲೆಯ ಒಂದು ಕಾರಿನಷ್ಟು ಜಾಗ ಮಾತ್ರ ಖಾಲಿ ಬಿಡಲಿ. ಹೇಳದಿದ್ದರೂ ಬಿಡುತ್ತಾರೆ ಅನ್ನಿ. ಆದರೂ ಹೇಳಿಟ್ಟರೆ ಅವರಿಗೆ ಹೆದರಿಕೆಯಾಗುವುದಿಲ್ಲ.

ಇತಿ,
ಅಲ್ಲೇ ಇರುವ ಅಮ್ಮ